ಬೆಳ್ಳವ್ವನ ಬಾಣಂತನ

ನಮ್ಮ ಬೀದಿಯಲ್ಲಿ ಏನೇ ನಡೆದರೂ ಮೊದಲು ಗೊತ್ತಾಗುವುದು ಮುರುಗೇಂದ್ರಪ್ಪನವರಿಗೆ. ನಡೆಯದೇ ಇದ್ದದ್ದು ಅದಕ್ಕಿಂತಲೂ ಮೊದಲೇ ಗೊತ್ತಾಗುತ್ತದೆ. ಇದನ್ನು ನಾನು ಚಾಡಿಯಾಗಿ ಹೇಳುತ್ತಿಲ್ಲ. ಅವರ ಪಕ್ಕದ ಮನೆಯಲ್ಲಿ ಹನ್ನೊಂದು ವರ್ಷದಿಂದ ಬಾಡಿಗೆಗಿರುವ ಹೈಸ್ಕೂಲು ಮೇಷ್ಟರಾಗಿ, ಅವರ ಮನೆಯ ಕಾಫಿಯನ್ನು ನಾಚಿಕೆಯಿಲ್ಲದೆ ಕುಡಿದವನಾಗಿ, ಗೌರವದಿಂದಲೇ ಹೇಳುತ್ತಿದ್ದೇನೆ.

ಅವರದು ಶೇಂಗಾ ದಲ್ಲಾಳಿ. ಸುತ್ತಲ ಹಳ್ಳಿಗಳ ಶೇಂಗಾವನ್ನು ನಮ್ಮ ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಗೆ ಕೊಡಿಸುವುದು ಕಸುಬು. ಶೇಂಗಾ ನೆಲದೊಳಗಿರುವ ಬೆಳೆ. ಗಿಡ ಕಿತ್ತಾಗಲೇ ಕಾಯಿ ಎಷ್ಟಿದೆ ಎಂದು ದೇವರಿಗೂ ರೈತನಿಗೂ ಗೊತ್ತಾಗುವುದು. ಆದರೆ ದಲ್ಲಾಳಿಯಾದವನು ಅಲ್ಲಿಯವರೆಗೆ ಕಾಯುತ್ತ ಕುಳಿತರೆ ಮಾಲು ಇನ್ನೊಬ್ಬನ ಪಾಲಾಗುತ್ತದೆ. ಮೇಲಿನ ಹೂವು ನೋಡಿಯೇ "ಇಷ್ಟು ಚೀಲ" ಎಂದು ನಾಲ್ಕು ಮಿಲ್ಲುಗಳಿಗೆ ಮಾತು ಕೊಟ್ಟು ಬರಬೇಕು. ಮುರುಗೇಂದ್ರಪ್ಪನವರು ಹಾಗೆ ಮಾತು ಕೊಡುವುದರಲ್ಲಿ ಹೆಸರುವಾಸಿ. ಕಾಣದ ಮಾಲಿಗೆ ಮಾತು ಕೊಡುವ ಈ ಅಭ್ಯಾಸವೇ ಎರಡು ಸಾವಿರದ ಮೂರನೇ ಇಸವಿಯ ಶ್ರಾವಣದಲ್ಲಿ ಒಂದು ಮೊಲದ ಪ್ರಾಣಕ್ಕೆ ಸಂಚಕಾರ ತಂದಿತು.

ಮೊಲ ಅವರ ಹೆಂಡತಿ ಸುಲೋಚನಮ್ಮನವರದು. ಎದುರು ಮನೆಯಲ್ಲಿದ್ದ ಬ್ಯಾಂಕಿನವರು ವರ್ಗವಾಗಿ ಹೋಗುವಾಗ ಬಿಟ್ಟುಹೋದದ್ದು. ಬಿಳಿ ಮೈ, ಕೆಂಪು ಕಣ್ಣು. ಸುಲೋಚನಮ್ಮ ಅದಕ್ಕೆ ಬೆಳ್ಳವ್ವ ಎಂದು ಹೆಸರಿಟ್ಟು, ಅಡುಗೆಮನೆಯ ಪಕ್ಕದ ಸಣ್ಣ ಕೋಣೆಯನ್ನೇ ಬಿಟ್ಟುಕೊಟ್ಟಿದ್ದರು. ಗಂಡನ ಜೊತೆ ಒಂದು ವಾರದಲ್ಲಿ ಆಡುವಷ್ಟು ಮಾತನ್ನು ಅದರ ಜೊತೆ ಒಂದು ಬೆಳಿಗ್ಗೆ ಆಡುತ್ತಿದ್ದರು. ಅದು ಎದುರು ಮಾತಾಡುತ್ತಿರಲಿಲ್ಲ ಎನ್ನುವುದು ಅವರ ಸಮಜಾಯಿಷಿ.

ಆಷಾಢದ ಒಂದು ಬೆಳಿಗ್ಗೆ ಬೆಳ್ಳವ್ವ ತನ್ನ ಹೊಟ್ಟೆಯ ಕೂದಲನ್ನು ತಾನೇ ಬಾಯಿಂದ ಕಿತ್ತು, ಹುಲ್ಲಿನ ಜೊತೆ ಸೇರಿಸಿ, ಮೂಲೆಯಲ್ಲಿ ಗೂಡು ಕಟ್ಟತೊಡಗಿತು. ಮುರುಗೇಂದ್ರಪ್ಪನವರು ಅದನ್ನೊಮ್ಮೆ ಬಗ್ಗಿ ನೋಡಿದರು. ಹೊರಗೆ ಬಂದು ಜಗುಲಿಯ ಮೇಲೆ ನಿಂತು ಘೋಷಿಸಿದರು.

"ಬೆಳ್ಳವ್ವ ಬಸುರಿ!"

"ಮನೇಲಿ ಬೇರೆ ಮೊಲವೇ ಇಲ್ವಲ್ರಿ?" ಎಂದೆ ನಾನು.

"ಕಾವಲಿನ ಮೊಲ ಬಂದು ಹೋಗೈತೆ ಮೇಷ್ಟ್ರೇ. ಅವಕ್ಕೇನು ದಾರಿ ಗೊತ್ತಿಲ್ವಾ?"

ಅಲ್ಲೇ ಹಾಲು ಅಳೆಯುತ್ತಿದ್ದ ಪಾತಣ್ಣ ತಲೆಯೆತ್ತಿದ. ಊರಾಚೆ ಮೈಲಿಗಟ್ಟಲೆ ಹಬ್ಬಿದ ಹುಲ್ಲುಗಾವಲಾದ ಆ ಕಾವಲಿನ ಪಕ್ಕದ ದೊಡ್ಡಉಳ್ಳಾರ್ತಿಯವನು. ಮನೆತನದಿಂದ ಕುರಿ ಕಾಯುವವರು. ದಿನಾ ಬೆಳಿಗ್ಗೆ ನಮ್ಮ ಬೀದಿಗೆ ಹಾಲು, ಬೆಳ್ಳವ್ವನಿಗೆ ಒಂದು ಹಿಡಿ ಹುಲ್ಲು ತರುತ್ತಿದ್ದ.

"ಸಾವ್ಕಾರ್ರೆ, ಕಾವಲಿಂದ ಇಲ್ಲಿಗೆ ನಾನೇ ಬಸ್ಸಿಗೆ ಬರ್ತೀನಿ. ಮೊಲ ಯಾವ ಬಸ್ಸಿಗೆ ಬಂತು?"

"ನೀನು ಹಾಲು ಅಳೆಯಯ್ಯ" ಎಂದು ಮುರುಗೇಂದ್ರಪ್ಪನವರು ವಿಚಾರಣೆ ಮುಗಿಸಿದರು.

ಸಂಜೆಯೊಳಗೆ ಐದು ಮರಿಗಳ ಹಂಚಿಕೆ ಆಗಿಹೋಯಿತು. ಐದೇ ಯಾಕೆ ಎಂದು ಕೇಳಿದ್ದಕ್ಕೆ "ಗೂಡಿನ ಅಗಲ ನೋಡ್ರಿ" ಎಂದರು. ಬೀದಿಯ ಕೊನೆಯ ಮನೆಯ ಗಾದ್ರಪ್ಪನವರಿಗೆ ಎರಡು. ಗಾದ್ರಪ್ಪನವರು ಸರ್ಕಾರಿ ಕಚೇರಿಯೊಂದರ ಸೂಪರಿಂಟೆಂಡೆಂಟು. ಅವರು ಆ ಎರಡನ್ನೂ ಮಾರನೆಯ ದಿನವೇ ತಮ್ಮ ಮೇಲಧಿಕಾರಿಯ ಮಕ್ಕಳಿಗೆ ದಾಟಿಸಿ ಬಂದರು. ನನ್ನ ಮಗಳಿಗೆ ಒಂದು, ಮಿಲ್ಲಿನ ಯಜಮಾನರಿಗೆ ಒಂದು. ಉಳಿದದ್ದು ಎದುರು ಸಾಲಿನ ಜಯಕ್ಕನಿಗೆ.

ಶ್ರಾವಣ ಬಂದರೂ ಮರಿ ಬರಲಿಲ್ಲ. ಬೆಳ್ಳವ್ವ ಮಂಕಾಯಿತು. ಪಶು ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಡಾಕ್ಟರ್ ತ್ರಿವೇಣಿ ಹೊಟ್ಟೆ ಮುಟ್ಟಿ ನೋಡಿ, "ಇದು ಬಸುರಿ ಅಲ್ಲವೇ ಅಲ್ಲ. ಹೆಣ್ಣು ಮೊಲಗಳ ಮೈ ಒಂದೊಂದು ಸಲ ಬಸುರಿ ಅಂತ ತಾನೇ ಅಂದುಕೊಳ್ಳುತ್ತದೆ. ಅದು ಹೋಗಲಿ, ಗರ್ಭಕೋಶದಲ್ಲಿ ಗಂಟು ಸಿಗ್ತಾ ಇದೆ. ತೆಗೆದುಬಿಡೋಣ. ಬಿಟ್ಟರೆ ಉಳಿಯೋದಿಲ್ಲ" ಎಂದರು. ಸುಲೋಚನಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಪ್ಪಿದರು. ಮುರುಗೇಂದ್ರಪ್ಪನವರು ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡು, "ಮೇಷ್ಟ್ರೇ, ಬಸುರಿ ಅಲ್ಲ ಅನ್ನೋದು ನಮ್ಮ ನಮ್ಮಲ್ಲೇ ಇರ್ಲಿ" ಎಂದರು.

ಬುಧವಾರ ಆಪರೇಷನ್ ಆಯಿತು. ಚೆನ್ನಾಗಿಯೇ ಆಯಿತು. ಸಂಜೆ ಮನೆಗೆ ಬಂದ ಬೆಳ್ಳವ್ವ ನಾಲ್ಕು ಎಸಳು ಹುಲ್ಲು ಕೂಡ ತಿಂದಿತು. ತೊಂದರೆ ಬಂದದ್ದು ಮೊಳಕಾಲ್ಮೂರಿನಿಂದ. ಅಲ್ಲಿ ರೇಷ್ಮೆ ಸೀರೆ ಅಂಗಡಿ ಇಟ್ಟುಕೊಂಡಿರುವ ಸುಲೋಚನಮ್ಮನವರ ತಮ್ಮನ ಮಗಳ ನಿಶ್ಚಿತಾರ್ಥ ಗುರುವಾರವೇ. ಸೋದರತ್ತೆ ಇಲ್ಲದೆ ತಟ್ಟೆ ಬದಲಾಯಿಸುವ ಹಾಗಿಲ್ಲ.

"ನಾನಿಲ್ವಾ?" ಎಂದರು ಮುರುಗೇಂದ್ರಪ್ಪನವರು.

"ಅದಕ್ಕೇ ಹೆದರಿಕೆ" ಎಂದರು ಸುಲೋಚನಮ್ಮ.

ಡಾಕ್ಟರಮ್ಮ ಬರೆದುಕೊಟ್ಟ ಚೀಟಿಯನ್ನು ಗಂಡನ ಕೈಗಿತ್ತು ಮೂರು ಸಲ ಓದಿಸಿದರು. ಹುಲ್ಲು, ನೀರು ಯಾವಾಗಲೂ ಮುಂದಿರಬೇಕು. ಹೊಲಿಗೆ ನೆನೆಯಬಾರದು. ಹೊಗೆ, ಗದ್ದಲ ಬೇಡ. ನೋವಿನ ಔಷಧಿಯನ್ನು ಬೆಳಿಗ್ಗೆ ಸಂಜೆ ಬಾಯಿಗೆ ಬಿಡಬೇಕು. ಎಲ್ಲಕ್ಕಿಂತ ದೊಡ್ಡದು ಹಿಕ್ಕೆ. ಮೊಲ ತಿನ್ನುವುದು ಬಿಟ್ಟು ಹಿಕ್ಕೆ ಹಾಕುವುದು ನಿಲ್ಲಿಸಿದರೆ ಕರುಳು ನಿಂತುಹೋಗಿ ಒಂದೆರಡು ದಿನದಲ್ಲೇ ಪ್ರಾಣ ಹೋಗುತ್ತದೆ. ಹನ್ನೆರಡು ಗಂಟೆ ಹಿಕ್ಕೆ ಕಾಣದಿದ್ದರೆ ತಕ್ಷಣ ಕರೆಸಬೇಕು. ಗುರುವಾರ ಮೊದಲ ಬಸ್ಸು ಹತ್ತುವಾಗಲೂ ಸುಲೋಚನಮ್ಮ ಕಿಟಕಿಯಿಂದ ತಲೆ ಹಾಕಿ, "ರೀ, ಹಿಕ್ಕೆ ಮರೀಬೇಡ್ರಿ! ನಾಳೆ ಮಧ್ಯಾಹ್ನ ಬರ್ತೀನಿ!" ಎಂದು ಕೂಗಿದರು. ಬಸ್ ನಿಲ್ದಾಣದಲ್ಲಿದ್ದವರೆಲ್ಲ ಮುರುಗೇಂದ್ರಪ್ಪನವರನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದರು.

ಅವರು ಮನೆಗೆ ಬಂದು ಚಪ್ಪಲಿ ಬಿಟ್ಟಿರಲಿಲ್ಲ. ಕರಿಬೇವು ಕೇಳಲು ಜಯಕ್ಕ ಬಂದರು.

ಜಯಕ್ಕನ ಬಗ್ಗೆ ಒಂದು ಮಾತು ಹೇಳಬೇಕು. ಅರವತ್ತು ದಾಟಿದ, ಒಂಟಿ ಹೆಂಗಸು. ಮಕ್ಕಳಿಲ್ಲ. ಆದರೆ ನಮ್ಮ ಬೀದಿಯಲ್ಲಿ ಇಪ್ಪತ್ತಾರು ಬಾಣಂತನ ಮಾಡಿದವರು. ಅವರು ಬಾಣಂತಿ ಕೋಣೆಗೆ ಕಾಲಿಟ್ಟರೆ ಡಾಕ್ಟರ ಮಾತು, ಗಂಡನ ಮಾತು, ಹೆತ್ತ ತಾಯಿಯ ಮಾತು ಎಲ್ಲಾ ಹೊಸ್ತಿಲಾಚೆ. ಬೀದಿಯ ಯಾವ ಗಂಡಸೂ ಅವರೆದುರು ದನಿ ಎತ್ತಿದ್ದಿಲ್ಲ, ಯಾಕೆಂದರೆ ಅವರಲ್ಲಿ ಅರ್ಧ ಜನಕ್ಕೆ ಎಳೆಗೂಸಾಗಿದ್ದಾಗ ನೀರೆರೆದವರು ಜಯಕ್ಕನೇ.

ಅವರು ಕೋಣೆಯೊಳಗೆ ಇಣುಕಿದರು.

"ಏನಪ್ಪಾ ಮುರುಗೇಂದ್ರಪ್ಪ, ಹೊಟ್ಟೆ ಇಳಿದೈತಲ್ಲ. ಹಡೀತಾ?"

ಇಲ್ಲ ಎಂದಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ಐದು ಮರಿಗಳು, ಗಾದ್ರಪ್ಪನವರು, ಮಿಲ್ಲಿನ ಯಜಮಾನರು ಎಲ್ಲರೂ ಒಟ್ಟಿಗೆ ಬಂದು ಮುರುಗೇಂದ್ರಪ್ಪನವರ ಗಂಟಲಲ್ಲಿ ನಿಂತರು.

"ಹ್ಞೂಂ ಜಯಕ್ಕ."

"ಎಷ್ಟು?"

"ಐದು."

"ಎಲ್ಲಿ ಮರಿ?"

"ಡಾಕ್ಟರ ಹತ್ರ ಅವೆ. ತೂಕ ಕಮ್ಮಿ ಬಂತು. ಗಾಜಿನ ಪೆಟ್ಟಿಗೇಲಿ ಇಟ್ಟವ್ರೆ."

"ಈ ಹೊಲಿಗೆ ಏನಿದು?"

"ಸಿಜೇರಿಯನ್ನು."

ಶಾಲೆಗೆ ಎರಡು ದಿನ ರಜೆ ಹಾಕಿದ್ದ ನಾನು ಬಾಗಿಲ ಬಳಿ ನಿಂತಿದ್ದೆ. ಒಂದು ಸುಳ್ಳಿಗೆ ಇಷ್ಟು ಅಚ್ಚುಕಟ್ಟಾಗಿ ಸಂಸಾರ ಕಟ್ಟಿಕೊಟ್ಟದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಜಯಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಪಾಪ, ಮರೀನೂ ಮಗ್ಗುಲಲ್ಲಿಲ್ಲ. ಮನೆಯೋಳು ಹಿಂಗೆ ಬಿಟ್ಟು ಹೋಗೋದಾ? ಹೊರಗೆ ನಡಿ ನೀನು. ಗಂಡಸ್ರು ಬಾಣಂತಿ ಕೋಣೇಲಿ ನಿಲ್ಲಂಗಿಲ್ಲ."

"ಜಯಕ್ಕ, ಡಾಕ್ಟ್ರು ಚೀಟಿ—"

"ಡಾಕ್ಟ್ರು ಎಷ್ಟು ಹಡೆದವ್ಳೆ?"

ಡಾಕ್ಟರಮ್ಮನಿಗೆ ಇನ್ನೂ ಮದುವೆಯಾಗಿರಲಿಲ್ಲ. ಮುರುಗೇಂದ್ರಪ್ಪನವರು ಹೊರಗೆ ಬಂದರು. ಚೀಟಿ ಒಳಗೇ ಉಳಿದು, ಮೆಣಸಿನ ಪುಡಿ ಕಟ್ಟಿಡುವುದಕ್ಕೆ ಉಪಯೋಗವಾಯಿತು.

ಆಮೇಲೆ ನಡೆದದ್ದು ಶಾಸ್ತ್ರೋಕ್ತ. ಹಸಿರು ಶೀತ ಎಂದು ಹುಲ್ಲು ಆಚೆ ಹೋಯಿತು. ತಣ್ಣೀರು ಬಾಣಂತಿಗೆ ವಿಷ ಎಂದು ನೀರಿನ ಬಟ್ಟಲು ಅದರ ಹಿಂದೆಯೇ ಹೋಯಿತು. ಕಿಟಕಿ ಮುಚ್ಚಿತು. ಅಗ್ಗಿಷ್ಟಿಕೆಯಲ್ಲಿ ಸಾಂಬ್ರಾಣಿ ಹೊಗೆಯಾಡಿತು. ಹೊಟ್ಟೆಗೆ ಹಳೆ ಹತ್ತಿ ಸೀರೆಯ ತುಂಡು ಸುತ್ತಲಾಯಿತು. ಕಿವಿಗೆ ಗಾಳಿ ಹೋಗಬಾರದು ಎಂದು ಹತ್ತಿ ಇಡಲು ಹೊರಟ ಜಯಕ್ಕ ಕಿವಿಯ ಉದ್ದ ನೋಡಿ ಒಂದು ಕ್ಷಣ ತಡೆದರು. ಮೆಡಿಕಲ್ ಸ್ಟೋರಿಗೆ ಹೇಳಿ ಕಳಿಸಿ ದೊಡ್ಡ ಉಂಡೆ ಹತ್ತಿಯನ್ನೇ ತರಿಸಿದರು. ಊಟಕ್ಕೆ ಬೆಳ್ಳುಳ್ಳಿ, ಮೆಣಸು, ತುಪ್ಪ ಕಲೆಸಿದ ಬಿಸಿ ಅನ್ನ ಬಂತು. ಬೆಳ್ಳವ್ವ ಮೂಸಿ ನೋಡಿ ಸೀನಿತು. "ನೋಡು, ಆಗ್ಲೇ ಶೀತ ಆಗೈತೆ" ಎಂದು ಜಯಕ್ಕ ಇನ್ನಷ್ಟು ಸಾಂಬ್ರಾಣಿ ಹಾಕಿದರು.

ಹನ್ನೊಂದು ಗಂಟೆಗೆ ಫೋನು ಬಡಿದುಕೊಂಡಿತು. ಮೊಳಕಾಲ್ಮೂರಿನಿಂದ ಸುಲೋಚನಮ್ಮ. ಅವರ ದನಿ ನನಗೂ ಕೇಳುತ್ತಿತ್ತು. ನಿಶ್ಚಿತಾರ್ಥದ ಮನೆಯವರಿಗೆಲ್ಲ ಕೇಳಿರಬೇಕು.

"ತಿಂತಾ ಐತೇನ್ರಿ?"

"ತಿಂತಾ ಐತೆ."

"ಹಿಕ್ಕೆ?"

"ಹಾಕ್ತಾ ಐತೆ."

"ಎಷ್ಟು ಹಾಕೈತೆ?"

ಮುರುಗೇಂದ್ರಪ್ಪನವರು ಚಾವಣಿ ನೋಡಿದರು. "ಎಪ್ಪತ್ತು."

"ದುಂಡಗವೇನ್ರಿ?"

"ಏನು ಸೈಜು ಅಂತೀಯ! ಶೇಂಗಾ ಬೀಜ ಇದ್ದಂಗೆ."

"ಶೇಂಗಾ ಉದ್ದಕಲ್ವಾ ಇರೋದು?"

"ಕಡ್ಲೆ, ಕಡ್ಲೆ ಇದ್ದಂಗೆ. ನೀನು ತಟ್ಟೆ ಬದಲಾಯ್ಸಿ, ನಿಧಾನ ಊಟ ಮಾಡು."

ಫೋನಿಟ್ಟು ಹಣೆ ಒರೆಸಿಕೊಂಡರು. "ಮೇಷ್ಟ್ರೇ, ಹೆಂಗಾದ್ರೂ ಹುಲ್ಲು ಒಳಗೆ ಹೋಗ್ಬೇಕು" ಎಂದರು.

ಮಧ್ಯಾಹ್ನ ಜಯಕ್ಕ ಕಣ್ಣು ಮುಚ್ಚಿರಬಹುದು ಎಂಬ ಭರವಸೆಯಲ್ಲಿ ನಾವಿಬ್ಬರೂ ಹಿತ್ತಲಿಗೆ ಹೋದೆವು. ಮುರುಗೇಂದ್ರಪ್ಪನವರು ನೀರಿನ ಡ್ರಮ್ಮಿನ ಅಂಚಿನ ಮೇಲೆ ಹತ್ತಿದರು. ನಾನು ಅವರ ಕಾಲು ಹಿಡಿದುಕೊಂಡೆ. ಬಟ್ಟೆ ಒಣಹಾಕುವ ಕೋಲಿನ ತುದಿಗೆ ಹುಲ್ಲು ಕಟ್ಟಿ, ಕಿಟಕಿಯ ಸಂದಿಯಿಂದ ಒಳಗೆ ತೂರಿಸಿ, "ಬೆಳ್ಳವ್ವಾ, ಬಾರವ್ವಾ, ತಿನ್ನವ್ವಾ" ಎಂದು ಪಿಸುಗುಟ್ಟಿದರು. ಒಳಗಿಂದ ಯಾರೋ ಹುಲ್ಲನ್ನು ಎಳೆದಂತಾಯಿತು.

"ತಗೊಂತು ಮೇಷ್ಟ್ರೇ, ತಗೊಂತು!"

ಕಿಟಕಿ ತೆರೆಯಿತು. ಹುಲ್ಲು ಜಯಕ್ಕನ ಕೈಯಲ್ಲಿತ್ತು.

"ಹಸಿ ಬಾಣಂತಿಗೆ ಹಸಿ ಹುಲ್ಲಾ? ಇವನಿಗೆ ಬುದ್ಧಿ ಇಲ್ಲ. ಮೇಷ್ಟ್ರೇ, ನಾಲ್ಕಕ್ಷರ ಕಲಿತೋರು ನೀವು!"

ಮೂವತ್ತೈದು ಮಕ್ಕಳ ತರಗತಿಯನ್ನು ಒಂದು ಕೆಮ್ಮಿನಿಂದ ಸುಮ್ಮನಾಗಿಸುವ ನಾನು ಅಲ್ಲಿಂದ ಬಗ್ಗಿಕೊಂಡು ಓಡಿದೆ. ಕಾಲು ಬಿಟ್ಟದ್ದರಿಂದ ಮುರುಗೇಂದ್ರಪ್ಪನವರು ಡ್ರಮ್ಮಿನೊಳಗೆ ಇಳಿದರು ಎಂದು ಆಮೇಲೆ ತಿಳಿಯಿತು.

ಸಂಜೆ ಗಾದ್ರಪ್ಪನವರು ಬಿದಿರಿನ ಬುಟ್ಟಿ ಹಿಡಿದು ಬಂದರು. ಬುಟ್ಟಿಗೆ ಮೆತ್ತನೆಯ ಬಟ್ಟೆ ಹಾಸಿತ್ತು. ಸುದ್ದಿ ಬೀದಿಯ ಆ ತುದಿಗೆ ಮುಟ್ಟಿತ್ತು.

"ದಲ್ಲಾಳ್ರೇ, ಸಂತೋಷ. ಗಂಡೆಷ್ಟು, ಹೆಣ್ಣೆಷ್ಟು?"

"ಗಂಡು ಮೂರು, ಹೆಣ್ಣು ಎರಡು."

"ನಮ್ಮ ಸಾಹೇಬ್ರಿಗೆ ಜೋಡಿ ಬೇಕಂತೆ. ಒಂದೊಂದು ಬೇರೆ ಮಾಡಿಡ್ರಿ. ಆಸ್ಪತ್ರೇಲಿ ಅವೆ ಅಂದ್ರಲ್ಲ, ನಾಳೆ ಬೆಳಿಗ್ಗೆ ಹೋಗಿ ನೋಡ್ಕೊಂಡು ಬರೋಣ."

"ನೋಡಂಗಿಲ್ಲ ಸಾಹೇಬ್ರೇ. ದೃಷ್ಟಿ ಆಗ್ತದೆ."

"ನಾನು ಇಲಾಖೆಯೋನು ಕಣ್ರಿ. ನಂದು ದೃಷ್ಟಿ ಅಲ್ಲ, ಪರಿಶೀಲನೆ. ಒಂಬತ್ತಕ್ಕೆ ಬರ್ತೀನಿ, ತಯಾರಿರಿ."

ಬುಟ್ಟಿಯನ್ನು ಸ್ಥಳ ಕಾದಿರಿಸಿದಂತೆ ಜಗುಲಿಯ ಮೇಲೆಯೇ ಬಿಟ್ಟುಹೋದರು. ಸಂಜೆಯ ಔಷಧಿ ಬಾಟಲಿ ಮುರುಗೇಂದ್ರಪ್ಪನವರ ಜೇಬಿನಲ್ಲೇ ಉಳಿಯಿತು. ಕೋಣೆಯ ಬಾಗಿಲಿಗೆ ಅಡ್ಡಲಾಗಿ ಜಯಕ್ಕ ಚಾಪೆ ಹಾಸಿಕೊಂಡಿದ್ದರು.

ಶುಕ್ರವಾರ ಬೆಳಿಗ್ಗೆ ಪಾತಣ್ಣ ಹಾಲು ತಂದ. ಹುಲ್ಲು ಕೊಡಲೆಂದು ಹಿತ್ತಲಿಗೆ ಹೋದವನು, ಹೊಗೆ ಹೋಗಲೆಂದು ಜಯಕ್ಕ ತೆರೆದಿಟ್ಟಿದ್ದ ಕಿಟಕಿಯಲ್ಲಿ ಇಣುಕಿ, ಸರಸರ ಮುಂದಕ್ಕೆ ಬಂದ. ಅವನ ಮುಖದಲ್ಲಿ ಯಾವಾಗಲೂ ಇರುವ ನಗು ಇರಲಿಲ್ಲ.

"ಸಾವ್ಕಾರ್ರೆ, ಅದು ಮುದುರಿ ಕೂತೈತೆ. ಹಲ್ಲು ಕಟಕಟ ಅಂತೈತೆ. ಹಿಕ್ಕೆ ನೋಡಿದ್ರಾ?"

"ನಿನ್ನೆಯಿಂದ ಇಲ್ಲ."

"ನಮ್ಮ ಕುರಿ ಹಿಂಗೆ ಮೆಲುಕು ಬಿಟ್ಟು ಕೂತ್ರೆ ಹಟ್ಟೀಲಿ ಯಾರೂ ಉಣ್ಣಲ್ಲ. ಡಾಕ್ಟ್ರನ್ನ ಕರೆಸ್ರಿ. ಸಂಜೆ ತಂಕ ಇರಲ್ಲ ಅದು."

ಮುರುಗೇಂದ್ರಪ್ಪನವರು ಜಗುಲಿಯ ಮೇಲೆ ಕುಸಿದರು. "ಡಾಕ್ಟ್ರು ಬಂದ್ರೆ ಎಲ್ಲಾ ಗೊತ್ತಾಗಿ ಹೋಗ್ತದಲ್ಲ ಮೇಷ್ಟ್ರೇ. ಬೀದೀಲಿ ಹೆಂಗೆ ತಲೆ ಎತ್ತಲಿ?" ಎಂದರು.

ನನಗೆ ನಿಜವಾಗಿಯೂ ಸಿಟ್ಟು ಬಂತು. ಅವರ ಮೇಲೆ ಅರ್ಧ, ನಿನ್ನೆಯಿಂದ ನಕ್ಕುಕೊಂಡು ಕಾಲು ಹಿಡಿದ ನನ್ನ ಮೇಲೆ ಅರ್ಧ. "ನಿಮ್ಮ ತಲೆ ಇರಲಿ ಬಿಡ್ರಿ. ಸುಲೋಚನಮ್ಮ ಮಧ್ಯಾಹ್ನ ಬರ್ತಾರೆ. ಬಂದು ಮೊದಲು ಆ ಕೋಣೆಗೇ ಹೋಗ್ತಾರೆ. ಅಲ್ಲಿ ಏನು ಕಾಣಬೇಕು ಅವರಿಗೆ?" ಎಂದೆ.

ಅವರು ಉತ್ತರ ಕೊಡುವ ಮೊದಲು ಒಳಗೆ ಹಂಡೆಯ ಸದ್ದಾಯಿತು. ಮೂರನೆಯ ದಿನ. ಬಾಣಂತಿಗೆ ನೀರು ಹಾಕುವ ದಿನ. "ಸಿಜೇರಿಯನ್ ಆದ್ರೂ ಮೂರನೇ ದಿನದ ನೀರು ತಪ್ಪಿಸಬಾರದು" ಎಂದು ಜಯಕ್ಕ ಯಾರಿಗೋ ಹೇಳುತ್ತಿದ್ದರು. ನೋಡಲು ಅಕ್ಕಪಕ್ಕದ ನಾಲ್ಕು ಹೆಂಗಸರು ಸೇರಿದ್ದರು. ಅದೇ ಹೊತ್ತಿಗೆ ಗಾದ್ರಪ್ಪನವರೂ ಇಸ್ತ್ರಿ ಅಂಗಿ ತೊಟ್ಟು ಬಂದರು. ಒಂಬತ್ತು ಹೊಡೆದಿತ್ತು.

ಬಚ್ಚಲಲ್ಲಿ ಜಯಕ್ಕ ಮಣೆಯ ಮೇಲೆ ಕುಳಿತು ಎರಡೂ ಕಾಲು ಚಾಚಿದ್ದರು. ಎಳೆ ಮಕ್ಕಳನ್ನು ಮಲಗಿಸುವ ಹಾಗೆ ಕಾಲ ಮೇಲೆ ಬೆಳ್ಳವ್ವ. ಹೊಟ್ಟೆಯ ಬಟ್ಟೆ ಬಿಚ್ಚಲು ಒಂದು ಕೈ ಗಂಟಿನ ಮೇಲಿತ್ತು. ಇನ್ನೊಂದು ಕೈಯಲ್ಲಿ ಹಬೆಯಾಡುವ ತಂಬಿಗೆ ಮೇಲೆದ್ದಿತ್ತು.

"ಹಡೆದಿಲ್ಲ!"

ಮುರುಗೇಂದ್ರಪ್ಪನವರು ಜನರನ್ನು ಸರಿಸಿ ಬಂದು ಮೊಲಕ್ಕೆ ಅಡ್ಡ ಬಿದ್ದರು. ತಂಬಿಗೆಯ ನೀರು ಅಷ್ಟೂ ಅವರ ನೆತ್ತಿಗೆ ಅಭಿಷೇಕವಾಯಿತು. "ಹಾ!" ಎಂದು ಒಮ್ಮೆ ಚೀರಿದರು. ಆದರೆ ಜಾಗ ಬಿಡಲಿಲ್ಲ.

"ಹಡೆದಿಲ್ಲ ಜಯಕ್ಕ! ಬಸುರೀನೇ ಆಗಿರ್ಲಿಲ್ಲ. ಐದೂ ಇಲ್ಲ, ಒಂದೂ ಇಲ್ಲ. ಗಾಜಿನ ಪೆಟ್ಟಿಗೇನೂ ಇಲ್ಲ. ನಾನು ಸುಳ್ಳು ಹೇಳ್ದೆ. ಗಂಟಾಗಿತ್ತು, ಗರ್ಭಕೋಶ ತೆಗೆದವ್ರೆ. ಹೊಲಿಗೆ ನೆನೀಬಾರ್ದು. ನಿನ್ನೆಯಿಂದ ಹುಲ್ಲಿಲ್ಲ, ನೀರಿಲ್ಲ, ಹಿಕ್ಕೆ ಇಲ್ಲ, ಸಾಯ್ತಾ ಐತೆ ಅದು. ಸುಲೋಚನಾ ಜೀವ ಇಟ್ಕೊಂಡವ್ಳೆ ಇದರ ಮ್ಯಾಲೆ!"

ಅವರ ಮೂಗಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮೊದಲು ಬಾಯಿ ತೆರೆದವರು ಗಾದ್ರಪ್ಪನವರು.

"ಹಂಗಾದ್ರೆ ಗಂಡು ಮೂರು, ಹೆಣ್ಣು ಎರಡು ಅಂದಿದ್ದು?"

"ಅದೂ ಸುಳ್ಳು."

"ಸಾಹೇಬ್ರ ಮಕ್ಕಳು ಹೆಸರೂ ಇಟ್ಟಾರಲ್ರೀ!"

ಜಯಕ್ಕ ಬೈಯುತ್ತಾರೆ ಎಂದು ಎಲ್ಲರೂ ಕಾದೆವು. ಅವರು ಬೈಯಲಿಲ್ಲ. ತಂಬಿಗೆ ಕೆಳಗಿಟ್ಟರು. ಕಾಲ ಮೇಲಿನ ಮೊಲವನ್ನು ಎತ್ತಿ ಎದೆಗಿಟ್ಟುಕೊಂಡರು.

"ನಂದೂ ತೆಗೆದ್ರು" ಎಂದರು. "ಇಪ್ಪತ್ತೆಂಟು ವರ್ಷ ಆತು. ಗಂಟು ಅಂತಾನೇ. ಆಸ್ಪತ್ರೆಯಿಂದ ಬಂದು ಎರಡು ದಿನಕ್ಕೆ ಅತ್ತೆ ರೊಟ್ಟಿ ಹಿಟ್ಟು ತಂದು ಮುಂದಿಟ್ಟಳು. ಹಡೆದಿದ್ರೆ ಮೂರು ತಿಂಗಳು ಮಂಚ. ನಾನೇನು ಹಡೆದಿದ್ನಾ? ಈ ಬೀದೀಲಿ ಒಬ್ಬರೂ ಹೆಂಗಿದ್ದೀಯ ಅಂತ ಬಂದು ಕೇಳಲಿಲ್ಲ."

ನಮಗ್ಯಾರಿಗೂ ಇದು ಗೊತ್ತಿರಲಿಲ್ಲ. ಎಲ್ಲವೂ ಮೊದಲೇ ಗೊತ್ತಾಗುವ ಮುರುಗೇಂದ್ರಪ್ಪನವರಿಗೂ ಗೊತ್ತಿರಲಿಲ್ಲ. ಒದ್ದೆ ನೆಲದಿಂದ ಏಳದೆ, ಮುಖದ ನೀರು ಒರೆಸಿಕೊಂಡು ಅವರು ಜಯಕ್ಕನನ್ನು ನೋಡಿದರು.

"ನೀನು ನಿನ್ನೇನೇ ನಿಜ ಹೇಳಿದ್ರೆ ನಾನು ಎದ್ದು ಹೋಗ್ತಿದ್ನೇನು?" ಜಯಕ್ಕನ ದನಿ ಈಗ ಏರಿತು. "ಹಡೀದಿದ್ರೇನು, ಹೊಟ್ಟೆ ಕೊಯ್ಸ್ಕೊಂಡಿಲ್ವಾ ಇದು? ಏನು ನೋಡ್ತಾ ಕೂತಿದ್ದೀಯ, ಡಾಕ್ಟ್ರು ಹೇಳಿದ್ದು ಏನೇನು ಐತೋ ಎಲ್ಲಾ ತಾ!"

ನಾನು ಲೂನಾದಲ್ಲಿ ಹೋಗಿ ಡಾಕ್ಟರಮ್ಮನನ್ನು ಕರೆತಂದೆ. ಅವರು ಬರುವಷ್ಟರಲ್ಲಿ ಕೋಣೆಯ ಕಿಟಕಿ ತೆರೆದಿತ್ತು, ಅಗ್ಗಿಷ್ಟಿಕೆ ಬೀದಿಗೆ ಬಂದಿತ್ತು, ಬೆಳ್ಳವ್ವನ ಕಿವಿಗಳು ಹತ್ತಿಯಿಂದ ಬಿಡುಗಡೆಯಾಗಿದ್ದವು. ಡಾಕ್ಟರಮ್ಮ ಎರಡು ಸೂಜಿ ಚುಚ್ಚಿ, ಹುಲ್ಲನ್ನು ನುಣ್ಣಗೆ ಅರೆಸಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ತುಂಬಿ ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪ ಕುಡಿಸಿದರು.

"ಇಷ್ಟು ಹೊತ್ತು ಯಾಕೆ ಕಾದಿರಿ?" ಎಂದು ಮುರುಗೇಂದ್ರಪ್ಪನವರಿಗೆ ಬೈದರು. ಆಮೇಲೆ ಹೊಟ್ಟೆಯ ಬಟ್ಟೆ ಬಿಚ್ಚಿ, "ಇದನ್ನು ಯಾರು ಕಟ್ಟಿದ್ದು? ಮೊಲಗಳು ಹೊಲಿಗೆ ಕಚ್ಚಿ ಬಿಚ್ಚಿಕೊಳ್ಳುತ್ತವೆ. ಬಟ್ಟೆ ಇದ್ದದ್ದರಿಂದ ಹೊಲಿಗೆ ಹಾಗೇ ಉಳಿದಿದೆ. ಬಿಗಿಯೂ ಇಲ್ಲ, ಸಡಿಲವೂ ಇಲ್ಲ" ಎಂದರು.

"ಇಪ್ಪತ್ತಾರು ಕಟ್ಟೀನಿ" ಎಂದರು ಜಯಕ್ಕ.

"ಇನ್ನು ಕಾಯೋದಷ್ಟೇ. ಮಧ್ಯಾಹ್ನದೊಳಗೆ ಹಿಕ್ಕೆ ಬಿದ್ದರೆ ಬದುಕಿತು ಅಂದುಕೊಳ್ಳಿ."

ಹೀಗೆ ನಮ್ಮ ಬೀದಿ ಒಂದು ಮೊಲದ ಹಿಕ್ಕೆಗೆ ಕಾದು ಕುಳಿತಿತು. ಗದ್ದಲ ಬೇಡ ಎಂದದ್ದರಿಂದ ಗಾದ್ರಪ್ಪನವರು ಬೀದಿ ಬಾಯಿಯಲ್ಲಿ ನಿಂತು, ಕಚೇರಿಗೆ ರಜೆ ಹಾಕಿ, ಆಟೋಗಳನ್ನು ಆಚೆ ಬೀದಿಗೆ ತಿರುಗಿಸತೊಡಗಿದರು. ಯಾವ ಇಲಾಖೆಯ ಆಜ್ಞೆ ಎಂದು ಒಬ್ಬ ಡ್ರೈವರ್ ಕೇಳಿದ್ದಕ್ಕೆ "ಆರೋಗ್ಯ" ಎಂದರಂತೆ. ಪಾತಣ್ಣ ಬಸ್ಸು ತಪ್ಪಿಸಿಕೊಂಡು, ಎಳೆ ಗರಿಕೆ ಆಯ್ದು ತಂದು ಬೆಳ್ಳವ್ವನ ಮೂಗಿನ ಮುಂದೆ ಹಿಡಿದ. ಅದು ಮುಖ ತಿರುಗಿಸಿತು. ಅರ್ಧ ಗಂಟೆ ಬಿಟ್ಟು ಮತ್ತೆ ಹಿಡಿದ. ಮತ್ತೆ ತಿರುಗಿಸಿತು. ಮೂರನೆಯ ಸಲ ಒಂದು ಎಸಳು ಬಾಯಿಗೆ ಹೋಯಿತು. ಜಯಕ್ಕ ಮುಂದಕ್ಕೆ ಬಾಗಿದರು. ಎಸಳು ತುದಿಯವರೆಗೂ ಒಳಗೆ ಹೋಯಿತು.

ಮುರುಗೇಂದ್ರಪ್ಪನವರು ಒದ್ದೆ ಪಂಚೆಯಲ್ಲೇ ನೆಲಕ್ಕೆ ಹೊಟ್ಟೆ ಹಚ್ಚಿ, ಬೆಳ್ಳವ್ವನ ಹಿಂಭಾಗವನ್ನೇ ದಿಟ್ಟಿಸುತ್ತ ಮಲಗಿದ್ದರು. ಊರಿನ ನಾಲ್ಕು ಮಿಲ್ಲುಗಳ ಜೊತೆ ಮಾತಾಡುವ ದೊಡ್ಡ ದಲ್ಲಾಳಿ ಅಲುಗದೆ ಎರಡು ಗಂಟೆ ಹಾಗೇ ಇದ್ದರು. ಹನ್ನೆರಡೂಕಾಲಿಗೆ ಅವರ ಬಾಯಿಂದ ಒಂದು ವಿಚಿತ್ರ ಸದ್ದು ಬಂತು.

"ಒಂದು" ಎಂದರು.

ನಾವೆಲ್ಲ ಬಗ್ಗಿದೆವು.

"ಎರಡು. ಮೂರು. ಅಯ್ಯೋ ಶಿವನೇ, ನಾಲ್ಕು!"

ಅವರು ಅಳುತ್ತಿದ್ದರು, ನಗುತ್ತಿದ್ದರು. ಪಾತಣ್ಣ ಒಂದನ್ನು ಬೆರಳಲ್ಲಿ ಎತ್ತಿ ಒತ್ತಿ ನೋಡಿ, "ಸಣ್ಣವು, ಆದ್ರೆ ಒಳ್ಳೇವು" ಎಂದ. ಹೊರಗಿದ್ದ ಹೆಂಗಸರಿಗೆ ಸುದ್ದಿ ಹೋಯಿತು. ಬೀದಿ ಬಾಯಿಯಿಂದ ಗಾದ್ರಪ್ಪನವರು ಚಪ್ಪಾಳೆ ತಟ್ಟಿದ್ದು ಕೇಳಿಸಿತು.

ಅವರು ತಡೆದ ಆಟೋದಿಂದ ಇಳಿದು, ಚೀಲ ಹೊತ್ತು, ನಡೆದುಕೊಂಡು ಬಂದ ಸುಲೋಚನಮ್ಮ ಬಾಗಿಲಲ್ಲಿ ನಿಂತಿದ್ದರು. ಮನೆ ತುಂಬ ಜನ. ನೆಲದ ಮೇಲೆ ಗಂಡ. ಸುಲೋಚನಮ್ಮನವರ ಮುಖ ಬಿಳಿಚಿಕೊಂಡಿತು. ಮುರುಗೇಂದ್ರಪ್ಪನವರು ಮಲಗಿದಲ್ಲಿಂದಲೇ ತಲೆಯೆತ್ತಿದರು.

"ಸುಲೋಚನಾ, ಎಪ್ಪತ್ತು ಅಂದಿದ್ದು ಸುಳ್ಳು. ಇಲ್ಲೀತನಕ ಆರು ಬಿದ್ದವೆ. ಇವು ನಿಜವಾದವು."

ಸುಲೋಚನಮ್ಮ ಚೀಲ ಅಲ್ಲೇ ಬಿಟ್ಟು ಬಂದು ಬೆಳ್ಳವ್ವನ ತಲೆ ಸವರಿದರು. ನಡೆದದ್ದನ್ನೆಲ್ಲ ಮುರುಗೇಂದ್ರಪ್ಪನವರು ಒಂದೂ ಬಿಡದೆ ಹೇಳಿದರು. ಬಚ್ಚಲಲ್ಲಿ ಜಯಕ್ಕ ಹೇಳಿದ್ದನ್ನು ಹೇಳುವಾಗ ಮಾತ್ರ ದನಿ ಇಳಿಸಿದರು. ಸುಲೋಚನಮ್ಮ ಗಂಡನಿಗೆ ಏನೂ ಅನ್ನಲಿಲ್ಲ. ಅದನ್ನು ರಾತ್ರಿಗೆ ಇಟ್ಟುಕೊಂಡರು ಎಂದು ನನ್ನ ಊಹೆ. ಎದ್ದು ಹೋಗಿ ಜಯಕ್ಕನ ಪಕ್ಕದಲ್ಲಿ ಕುಳಿತು ಅವರ ಕೈ ಹಿಡಿದುಕೊಂಡರು.

"ನಡೀರಿ ಎಲ್ಲಾ, ನಂಗೂ ಒಲೆ ಹಚ್ಚಬೇಕು" ಎಂದು ಜಯಕ್ಕ ಮಂಡಿ ಹಿಡಿದುಕೊಂಡು ಏಳಹೊರಟರು.

"ಕೂತ್ಕೊಳ್ರಿ ಜಯಕ್ಕ" ಎಂದರು ಮುರುಗೇಂದ್ರಪ್ಪನವರು. "ಇವತ್ತು ನೀವು ಒಲೆ ಹತ್ರ ಹೋಗಂಗಿಲ್ಲ. ನಾಳೇನೂ ಇಲ್ಲ. ನಾನು ಮಾಡ್ತೀನಿ."

ಅವರು ಅಡುಗೆಮನೆಗೆ ಹೋದರು. ಅವರಿಗೆ ಅಲ್ಲಿ ಕಾಫಿ ಲೋಟ ಎಲ್ಲಿರುತ್ತದೆ ಎನ್ನುವುದನ್ನು ಬಿಟ್ಟು ಬೇರೇನೂ ತಿಳಿಯದು. ಡಬ್ಬಿಗಳು ಬೀಳುವ ಸದ್ದು, ಸಾಸಿವೆ ಸಿಡಿಯುವ ಸದ್ದು, "ಹಾ!" ಎನ್ನುವ ಸದ್ದು ಬಂತು. ಸುಲೋಚನಮ್ಮ ಏಳಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಮುರುಗೇಂದ್ರಪ್ಪನವರು ತಟ್ಟೆಗಳಲ್ಲಿ ಉಪ್ಪಿಟ್ಟು ತಂದರು. ಮೊದಲ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಜಯಕ್ಕನ ಮುಂದಿಟ್ಟು, ಸ್ವಲ್ಪ ದೂರದಲ್ಲಿ ಪರೀಕ್ಷೆ ಬರೆದ ಹುಡುಗನಂತೆ ನಿಂತರು.

ಗಾದ್ರಪ್ಪನವರು ಮೊದಲ ತುತ್ತು ಬಾಯಿಗಿಟ್ಟು, ಹುಬ್ಬೇರಿಸಿದರು.

"ದಲ್ಲಾಳ್ರೇ, ಇದಕ್ಕೆ ಉಪ್ಪು—"

ಜಯಕ್ಕ ಅವರತ್ತ ತಿರುಗಿ ಒಂದೇ ನೋಟ ನೋಡಿದರು. ಗಾದ್ರಪ್ಪನವರು ಉಳಿದ ಮಾತನ್ನು ಉಪ್ಪಿಟ್ಟಿನ ಜೊತೆಗೇ ನುಂಗಿದರು.

"ಉಪ್ಪು ಸರಿಯಾಗೈತೆ" ಎಂದರು ಜಯಕ್ಕ. ಸೆರಗಿನಿಂದ ಕಣ್ಣೊರೆಸಿಕೊಂಡು ತಟ್ಟೆ ಮುಂದೆ ಚಾಚಿದರು. "ಇನ್ನೊಂದೀಟು ಹಾಕು."